ಸೇನೆಯ ಕಾರಿನ ಮೇಲೆ ಅಬ್ಬಲಿಗೆ

ಒಮಾನಿಗೆ ಬಂದ ಎರಡನೆಯ ಶುಕ್ರವಾರ ನನ್ನ ಗಂಡ ಮರಳು ತೋರಿಸುತ್ತೇನೆಂದು ಇಬ್ರಾ ಎಂಬ ಊರಿನ ಕಡೆ ಕರೆದುಕೊಂಡು ಹೋದರು. ಗಾಡಿಯಿಂದ ಇಳಿದಿದ್ದೆನಷ್ಟೆ, ಮಿಲಿಟರಿ ಲಾಂಛನ ಹೊತ್ತ ಒಂದು ಕಾರು ಕಿರುಚಿಕೊಂಡು ತೆಂಗಿನಮರದಷ್ಟು ಎತ್ತರದ ದಿಬ್ಬವನ್ನು ನೇರ ಹತ್ತಲು ಶುರುಮಾಡಿತು. ಯುದ್ಧವೇ ಹತ್ತಿಕೊಂಡಿತು ಅಂದುಕೊಂಡು ಮಗಳ ಕೈ ಹಿಡಿದು ಓಡಲು ನೋಡಿದೆ. ಸುತ್ತ ನೋಡಿದರೆ ಬಿಳಿ ನಿಲುವಂಗಿ ತೊಟ್ಟ ಗಂಡಸರು ಜ್ಯೂಸ್ ಕುಡಿಯುತ್ತಾ ಚಪ್ಪಾಳೆ ಹೊಡೆಯುತ್ತಿದ್ದರು. ಇದು ಆಟ, ಸೇನೆಯೇ ಖರ್ಚು ಕೊಟ್ಟು ಓಡಿಸುತ್ತದೆ ಎಂದು ಗಂಡ ನಕ್ಕರು. ನಾನು ಅರ್ಧ ಗಂಟೆ ಅವರೊಡನೆ ಮಾತಾಡಲಿಲ್ಲ.

ನಮ್ಮ ಕಿನ್ನಿಗೋಳಿಯಲ್ಲಿ ಮಿಲಿಟರಿ ಎಂದರೆ ನನ್ನ ಚಿಕ್ಕಪ್ಪ. ಕಪ್ಪು ಟ್ರಂಕು, ಕ್ಯಾಂಟೀನಿನ ಸೋಪು, ಬೆಳಿಗ್ಗೆ ಐದಕ್ಕೆ ಎದ್ದು ಊರನ್ನೆಲ್ಲ ಎಬ್ಬಿಸುವ ಉಪದ್ರ. ಸರ್ಕಾರದ ದುಡ್ಡಿನಲ್ಲಿ ಕಾರು ಓಡಿಸಿ ಚಪ್ಪಾಳೆ ಗಿಟ್ಟಿಸಬಹುದೆಂದು ಗೊತ್ತಿದ್ದರೆ ಅವರು ನಿವೃತ್ತಿಯೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಕಂಬಳದ ನೆನಪಾದಾಗ ನಾನೂ ಬಾಯಿ ಮುಚ್ಚಿದೆ. ವರ್ಷವಿಡೀ ಹುರುಳಿ ತಿನ್ನಿಸಿ, ಎಣ್ಣೆ ತಿಕ್ಕಿ, ಕೆಸರಿನಲ್ಲಿ ಕೆಲವೇ ಸೆಕೆಂಡು ಕೋಣ ಓಡಿಸುವ ನಾವು ಇನ್ನೊಬ್ಬರ ಖರ್ಚಿಗೆ ನಗುವ ಹಾಗಿಲ್ಲ.

ನಮ್ಮ ಮನೆ ದಾರ್ಸೈಟ್ ಬಡಾವಣೆಯಲ್ಲಿ, ಮೂರನೆಯ ಮಹಡಿ. ಕುಚ್ಚಲಕ್ಕಿ ಸಿಗುತ್ತದೆ, ಕೃಷ್ಣನ ಗುಡಿ ಹತ್ತಿರ ಉಂಟು, ಅಂಜಲ್ ಮೀನಿಗೆ ಇಲ್ಲಿ ಕನಾದ್ ಎನ್ನುತ್ತಾರೆ, ರುಚಿಗೆ ಮೋಸವಿಲ್ಲ. ಮೋಸವಿದ್ದದ್ದು ನನ್ನ ರೆಸಿಡೆಂಟ್ ಕಾರ್ಡಿನಲ್ಲಿ. ಊರಲ್ಲಿ ಹನ್ನೊಂದು ವರ್ಷ ನಾನು ಖಾಸಗಿ ಬಸ್ಸುಗಳಿಗೆ ಸ್ಟಿಕ್ಕರ್ ವಿನ್ಯಾಸ ಮಾಡಿದವಳು. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಬಸ್ಸಿನ ಹಿಂಭಾಗ ನೋಡಿಯೇ ಇದು ಶಶಿಕಲನ ಕೈ ಅನ್ನುವವರಿದ್ದರು. ಇಲ್ಲಿ ಘಾಲಾದ ಗ್ಯಾರೇಜುಗಳ ಸಾಲಿನಲ್ಲಿ, ವಾಹನಗಳಿಗೆ ಸ್ಟಿಕ್ಕರ್ ಹೊದಿಸುವ ಒಂದು ವರ್ಕ್‌ಶಾಪಿಗೆ ಸೇರಿದಾಗ ಕಾರ್ಡಿನಲ್ಲಿ ಬಂದದ್ದು 'ಹೆಲ್ಪರ್'. ಬ್ಯಾಂಕಿಗೆ ಹೋಗಿ, ಆಸ್ಪತ್ರೆಗೆ ಹೋಗಿ, ಎಲ್ಲರೂ ಮುಖಕ್ಕಿಂತ ಮೊದಲು ಆ ಸಾಲು ಓದುತ್ತಾರೆ. ಮಗಳು ಶಾಲೆಯ ಫಾರ್ಮಿನಲ್ಲಿ ತಾಯಿಯ ಉದ್ಯೋಗದ ಜಾಗ ಖಾಲಿ ಬಿಟ್ಟದ್ದನ್ನು ನೋಡಿದ ದಿನ ನನಗೆ ಅನ್ನ ಇಳಿಯಲಿಲ್ಲ.

ವರ್ಕ್‌ಶಾಪಿನ ಮ್ಯಾನೇಜರ್ ಜಗದೀಶಣ್ಣ ಕಾಪುವಿನವನು, ತುಳು ಮಾತಾಡುವ ನಮ್ಮವನೇ. ಕಂಪನಿಗೆ ಒಂದು ಡಿಸೈನರ್ ವೀಸಾ ಬರುವುದಿದೆ, ಒಂದು ದೊಡ್ಡ ಕೆಲಸ ಮಾಡಿ ತೋರಿಸು, ಆ ಹುದ್ದೆ ನಿನ್ನ ಹೆಸರಿಗೇ ಎಂದು ದೇವರ ಮೇಲೆ ಆಣೆ ಹಾಕಿ ಹೇಳಿದ್ದ. ಪರದೇಶದಲ್ಲಿ ತುಳು ಕೇಳಿದರೆ ಸಾಕು, ನಮ್ಮ ಬುದ್ಧಿ ಮಂಜಿನ ಹಾಗೆ ಕರಗುತ್ತದೆ. ನಾನೂ ಕರಗಿದೆ.

ಆ ದೊಡ್ಡ ಕೆಲಸವೇ ಸೇನೆಯ ಕಾರು. ಸೇನೆಯ ಒಂದು ವಿಭಾಗ ರ್ಯಾಲಿಯಲ್ಲಿ, ಅಂದರೆ ಮರಳುಗಾಡಿನ ಕಾರು ಪಂದ್ಯದಲ್ಲಿ, ಓಡುವ ಕಾರಿನ ಖರ್ಚು ವಹಿಸಿಕೊಂಡಿತ್ತು. ಓಡಿಸುವವನು ಸಾಲಿಂ, ಇಬ್ರಾ ಕಡೆಯ ಹಳ್ಳಿಯ ಸೈನಿಕ. ವರ್ಕ್‌ಶಾಪಿನಲ್ಲಿ ಇದರ ಬಗ್ಗೆ ದಿನಾ ಚರ್ಚೆ. ಸ್ಟಿಕ್ಕರ್ ಅಂಟಿಸುವ ಇಬ್ರಾಯಿ ಉಳ್ಳಾಲದ ಬ್ಯಾರಿ ಹುಡುಗ, ಬಾಯಿ ಸುಮ್ಮನಿರುವುದಿಲ್ಲ. ಟಯರ್ ಸುಟ್ಟು ಧೂಳು ಎಬ್ಬಿಸಲು ಸರ್ಕಾರ ಯಾಕೆ ದುಡ್ಡು ಕೊಡಬೇಕು, ಅದರಲ್ಲಿ ಹಳ್ಳಿಗೆ ಬಸ್ ಬಿಡಬಹುದಲ್ಲ ಎಂದು ಸಾಲಿಮನನ್ನೇ ಕೇಳಿಬಿಟ್ಟ. ಸಾಲಿಂ ಸಿಟ್ಟಾಗಲಿಲ್ಲ. ತನ್ನ ಊರಿನ ಹುಡುಗರು ರಸ್ತೆಯಲ್ಲೇ ಕಾರು ತಿರುಗಿಸಿ ಆಡಿ ಸಾಯುತ್ತಾರೆ, ಈ ಕಾರು ನೋಡಿ ಕೆಲವರಾದರೂ ಸೇನೆಗೆ ಬರುತ್ತಾರೆ, ಬಂದವರು ಬದುಕುತ್ತಾರೆ ಎಂದ. ಅದು ಪೂರ್ತಿ ಸರಿಯೋ ಗೊತ್ತಿಲ್ಲ. ಅವನು ಅದನ್ನು ನಂಬಿದ್ದಂತೂ ಹೌದು.

ಹಸಿರು ಚುಕ್ಕೆಯ ಮಿಲಿಟರಿ ಬಣ್ಣ ನನಗೆ ಬೇಡವಾಗಿತ್ತು. ಬುಧವಾರ ರಜೆ ಹಾಕಿ ಇಬ್ರಾದ ಹೆಂಗಸರ ಸೂಕಿಗೆ ಹೋದೆ. ಸೂಕ್ ಎಂದರೆ ಸಂತೆ. ಅಲ್ಲಿ ಮಾರುವವರೂ ಕೊಳ್ಳುವವರೂ ಹೆಂಗಸರೇ. ಸಾಲಿಮನ ತಾಯಿ ಅಲ್ಲಿ ಕುಮ್ಮಾ ಹೊಲಿದು ಮಾರುತ್ತಾರೆ. ಕುಮ್ಮಾ ಅಂದರೆ ಇಲ್ಲಿನ ಗಂಡಸರ ಟೋಪಿ, ಸುತ್ತ ಸಣ್ಣ ಸಣ್ಣ ತೂತುಗಳ ಕಸೂತಿ. ಭಾಷೆ ಬಾರದ ನಾನು ಅವರ ಪಕ್ಕ ಕೂತು ಮಧ್ಯಾಹ್ನದವರೆಗೆ ಸೂಜಿಯ ಓಟ ನೋಡಿದೆ. ಖರ್ಜೂರ ಕೊಟ್ಟರು, ನನ್ನ ಬಳೆ ಮುಟ್ಟಿ ನೋಡಿದರು. ಒಮಾನಿನಲ್ಲಿ ನಾನು ಒಂಟಿ ಅನ್ನಿಸದ ಮೊದಲ ಮಧ್ಯಾಹ್ನ ಅದು. ಆ ಕಸೂತಿಯನ್ನೇ ಹಿಗ್ಗಿಸಿ ಕಾರಿನ ಎರಡೂ ಪಕ್ಕಕ್ಕೆ ಹೊದಿಸುವ ವಿನ್ಯಾಸ ಮಾಡಿದೆ.

ಅದರ ಒಳಗೆ ನನ್ನ ಗುರುತನ್ನೂ ಇಟ್ಟೆ. ಇದು ನಮ್ಮ ಬಸ್ ಸ್ಟಿಕ್ಕರಿನವರ ಪದ್ಧತಿ. ಒಂದು ಅಂಗಡಿಯ ವಿನ್ಯಾಸವನ್ನು ಇನ್ನೊಂದು ಅಂಗಡಿಯವರು ವಾರದೊಳಗೆ ಕದಿಯುತ್ತಾರೆ. ಹಾಗಾಗಿ ಪ್ರತಿಯೊಬ್ಬರೂ ಬಳ್ಳಿಯ ನಡುವೆಯೋ ಅಕ್ಷರದ ಬಾಲದಲ್ಲೋ ತಮ್ಮದೊಂದು ಕಳ್ಳಗುರುತು ಅಡಗಿಸುತ್ತಾರೆ. ನನ್ನದು ಅಬ್ಬಲಿಗೆ. ಘಟ್ಟದ ಮೇಲಿನವರು ಅದನ್ನು ಕನಕಾಂಬರ ಎನ್ನುತ್ತಾರೆ. ಬೇರೆ ಹೂವಿನ ಹಾಗೆ ಸುತ್ತ ಅರಳದೆ ಒಂದೇ ಪಕ್ಕಕ್ಕೆ ಎಸಳು ಬಿಚ್ಚುವ ಹೂ. ಕುಮ್ಮಾದ ಕಸೂತಿಯ ನಡುವೆ, ಬಾಗಿಲಿಗೆ ಏಳರಂತೆ ಹದಿನಾಲ್ಕು ಅಬ್ಬಲಿಗೆ ಬೇರೆಯಾಗಿ ಕತ್ತರಿಸಿ ಕೂರಿಸಿದೆ. ಕಚೇರಿ ಕೆಲಸದಿಂದಲೇ ಮ್ಯಾನೇಜರ್ ಆದ ಜಗದೀಶಣ್ಣನಿಗೆ ಈ ಪದ್ಧತಿ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಕಾರು ತೋರಿಸುವ ಸಮಾರಂಭಕ್ಕೆ ನಾಲ್ಕು ದಿನ ಇರುವಾಗ ಇಬ್ರಾಯಿ ಮುಖ ಸಣ್ಣ ಮಾಡಿಕೊಂಡು ಬಂದ. ಡಿಸೈನರ್ ವೀಸಾದ ಅರ್ಜಿ ಹೋಗಿದೆ, ಹೆಸರು ಜಗದೀಶಣ್ಣನ ಭಾವನದ್ದು, ವಿನ್ಯಾಸ ಮಾಡಿದ್ದು ತಾನೇ ಎಂದು ಜಗದೀಶಣ್ಣ ಸೇನೆಯವರ ಹತ್ತಿರ ಹೇಳಿಕೊಂಡಿದ್ದಾನೆ ಎಂದ. ನಾನು ನೇರ ಹೋಗಿ ಕೇಳಿದೆ. ಅವನು ಫೋನಿನಿಂದ ತಲೆ ಎತ್ತದೆಯೇ ಹೇಳಿದ: "ನಿನ್ನ ಗಂಡನಿಗೆ ಸಂಬಳ ಬರ್ತದಲ್ಲ, ನಿನಗೆಂತಕ್ಕೆ ಡಿಸೈನರ್ ಆಗುದು? ಆ ದಿನ ಒಳ್ಳೆ ಸೀರೆ ಉಟ್ಟುಕೊಂಡು ಬಾ. ಕಾಫಿ ತಟ್ಟೆ ಹಿಡಿಲಿಕ್ಕೆ ಒಬ್ಬಳು ಬೇಕು."

ಸೇಡು ಇಟ್ಟುಕೊಳ್ಳುವ ಗುಣ ನನಗೆ ಹುಟ್ಟಿನಿಂದ ಉಂಟು, ಮುಚ್ಚಿಡುವುದಿಲ್ಲ. ಎಂಟನೆಯ ಕ್ಲಾಸಿನಲ್ಲಿ ನನ್ನ ಜಡೆ ಎಳೆದವನ ಮದುವೆಯ ಕಾಗದದಲ್ಲಿ ಅವನ ಫೋಟೋವನ್ನು ಬೇಕೆಂದೇ ಅಡ್ಡ ಹಿಗ್ಗಿಸಿ ಕೊಟ್ಟವಳು ನಾನು. ಬಿಟ್ಟುಬಿಡು ಎಂದು ಗಂಡ ಹೇಳಿದರು. ಬಿಡಲಿಕ್ಕೆ ನನಗೆ ಬರುವುದಿಲ್ಲ. ಹೊಸ ಹಸಿರು ಸೀರೆ ಇಸ್ತ್ರಿ ಮಾಡಿ ಇಟ್ಟೆ.

ಬೆಳಿಗ್ಗೆ ಹತ್ತು ಗಂಟೆಗೆ ವರ್ಕ್‌ಶಾಪಿನ ಅಂಗಳ ತುಂಬಿತು. ನಾಲ್ವರು ಅಧಿಕಾರಿಗಳು, ವರ್ಕ್‌ಶಾಪಿನ ಒಡೆಯರಾದ ನಮ್ಮ ಕಫೀಲ್, ಸಾಲಿಂ, ಅವನ ತಾಯಿ. ಕಹ್ವಾ, ಅಂದರೆ ಏಲಕ್ಕಿ ಹಾಕಿದ ಹಾಲಿಲ್ಲದ ಕಾಫಿ, ಅದರ ತಟ್ಟೆ ಹಿಡಿದು ನಾನು ಜಗದೀಶಣ್ಣನ ಬೆನ್ನಿಗೇ ನಿಂತೆ. ಹೊದಿಕೆ ಸರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಲಿಮನ ತಾಯಿ ಮಾತ್ರ ಹತ್ತಿರ ಹೋಗಿ ಬಾಗಿಲಿನ ಮೇಲೆ ಬೆರಳು ಓಡಿಸಿ, ಒಂದು ಕಡೆ ನಿಲ್ಲಿಸಿದರು. ಹೊಲಿಗೆ ನಮ್ಮದೇ, ಈ ಹೂ ನಮ್ಮ ಯಾವ ಟೋಪಿಯಲ್ಲೂ ಇಲ್ಲ, ಇದು ಯಾವುದು ಎಂದು ಅವರು ಕೇಳಿದ್ದನ್ನು ಸಾಲಿಂ ಹಿಂದಿಯಲ್ಲಿ ಹೇಳಿದ.

ಜಗದೀಶಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಬಾಯಿ ಆಡಿಸದೆ ನನ್ನ ಕಡೆಗೆ ತುಳುವಿನಲ್ಲಿ, "ಅವು ದಾದ?" ಎಂದ. ಅದೇನು ಎಂದು.

ಇದಕ್ಕಾಗಿಯೇ ನಾನು ಬಂದದ್ದು. ಹಿರಿಯ ಅಧಿಕಾರಿ ಸಲಾಲಾದವರು, ತಮ್ಮ ಊರಿನ ಧೂಪದ ಮರಗಳ ಸುದ್ದಿ ಎತ್ತಿದರೆ ನಿಲ್ಲಿಸುವುದಿಲ್ಲ ಎಂದು ಸಾಲಿಂ ಹಿಂದಿನ ದಿನವೇ ಹೇಳಿದ್ದ. "ಲುಬಾನಿನ ಹೂ," ಎಂದೆ ನಾನೂ ತುಳುವಿನಲ್ಲಿ. "ಸಲಾಲಾದ ಧೂಪದ ಮರದ್ದು."

ಅವನು ಎದೆಯುಬ್ಬಿಸಿ ಅದನ್ನೇ ಹೇಳಿದ. ತಿಂಗಳುಗಟ್ಟಲೆ ಅಧ್ಯಯನ ಮಾಡಿ ತಾನೇ ಬರೆದದ್ದೆಂದು ಒಗ್ಗರಣೆಯನ್ನೂ ಹಾಕಿದ. ಹಿರಿಯ ಅಧಿಕಾರಿ ಬಾಗಿ ನೋಡಿದರು. ಲುಬಾನಿನ ಮರದ ಕೆಳಗೇ ಬೆಳೆದವನು ನಾನು, ಆ ಹೂವಿಗೆ ಐದು ಎಸಳು ಸುತ್ತ ಇರುತ್ತದೆ, ಇದು ಒಂದೇ ಪಕ್ಕಕ್ಕೆ ಬಿಚ್ಚಿದೆಯಲ್ಲ ಎಂದು ಮೆಲ್ಲನೆ ಕೇಳಿದರು. ಕಿಸೆಯಿಂದ ಪೆನ್ನು, ಒಂದು ಚೀಟಿ ತೆಗೆದು, ನೀವೇ ಬರೆದದ್ದಾದರೆ ಇನ್ನೊಮ್ಮೆ ಬರೆಯಿರಿ ಎಂದು ಮುಂದೆ ಹಿಡಿದರು. ಜಗದೀಶಣ್ಣನ ಕೈ ಗಾಳಿಯಲ್ಲೇ ನಿಂತಿತು. ನಾನು ಆ ಖಾಲಿ ಕೈಗೆ ಕಾಫಿ ತಟ್ಟೆ ಕೊಟ್ಟೆ, ಪೆನ್ನು ತೆಗೆದುಕೊಂಡೆ, ಚೀಟಿಯ ಮೇಲೆ ಮೂರೇ ಗೆರೆಯಲ್ಲಿ ಅಬ್ಬಲಿಗೆ ಬರೆದೆ.

"ಇದು ನನ್ನ ಅಂಗಳದ ಹೂ ಸರ್," ಎಂದೆ ಹರುಕು ಹಿಂದಿಯಲ್ಲಿ. "ಕಾರಿನಲ್ಲಿ ಹದಿನಾಲ್ಕು ಉಂಟು. ಎಲ್ಲೆಲ್ಲಿ ಅಂತ ಕಣ್ಣು ಮುಚ್ಚಿ ತೋರಿಸ್ತೇನೆ."

ತೋರಿಸಿದೆ. ಸಾಲಿಮನ ತಾಯಿ ನನ್ನನ್ನು ಗುರುತು ಹಿಡಿದು, ಬಳೆಯವಳು ಎಂದು ಮಗನಿಗೆ ಹೇಳಿದರು. ಕಫೀಲ್ ಜಗದೀಶಣ್ಣನನ್ನು ನೋಡಿದ ನೋಟ ಈಗಲೂ ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ.

ಆದರೆ ಆ ಹಿರಿಯ ಅಧಿಕಾರಿ ಹೂ ಕೀಳಬೇಕು ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಇದು ದೇಶದ ಹಣದಿಂದ ಓಡುವ ಗಾಡಿ. ಕಾರಿಗೇಕೆ ಖರ್ಚು ಎಂದು ಕೇಳುವವರಿಗೆ ನನ್ನ ಹತ್ತಿರ ಉತ್ತರವಿದೆ, ಇನ್ನೊಂದು ದೇಶದ ಹೂ ಯಾಕಿದೆ ಎಂದು ಕೇಳಿದರೆ ಇಲ್ಲ ಎಂದರು. ಅವರ ಮಾತು ನ್ಯಾಯವೇ. ಹಾಗಾಗಿಯೇ ನನಗೆ ಇನ್ನಷ್ಟು ಉರಿಯಿತು.

ಮಧ್ಯಾಹ್ನ ನಾನೇ ಬಿಸಿಗಾಳಿಯ ಮೆಷಿನ್ ಹಿಡಿದು ಹದಿನಾಲ್ಕೂ ಹೂ ಕಿತ್ತೆ. ಕಿತ್ತ ಮೇಲೆ ಉಳಿಯುವ ಅಂಟನ್ನು ಸ್ಪಿರಿಟ್ಟಿನಿಂದ ಒರೆಸಬೇಕು, ಅದು ಈ ಕೆಲಸದ ಮೊದಲ ಪಾಠ. ಇಬ್ರಾಯಿ ಬಾಟಲಿ, ಬಟ್ಟೆ ಹಿಡಿದು ನಿಂತಿದ್ದ. ಬೇಡ, ಒಳಗಿಡು ಎಂದೆ.

"ಅಂಟು ಹಾಗೇ ಉಳೀತದೆ ಅಕ್ಕ."

"ಉಳೀಲಿ."

ಅವನು ನನ್ನ ಮುಖ ನೋಡಿದ, ಕಾರು ನೋಡಿದ, ಬಾಟಲಿಯ ಮುಚ್ಚಳ ಬಿಗಿದ. 

ಮುಂದಿನ ವಾರ ರ್ಯಾಲಿ. ಮುಗಿಯುವ ಗೆರೆಯ ಹತ್ತಿರ ನಾವೆಲ್ಲ ನಿಂತಿದ್ದೆವು, ಅಧಿಕಾರಿಗಳೂ ಡೇರೆಯಲ್ಲಿದ್ದರು. ಹೋಗುವಾಗ ಚೊಕ್ಕಟವಾಗಿದ್ದ ಕಾರು ಮರಳು, ಕಲ್ಲುಹಾದಿ ಸುತ್ತಿ ಮೂರನೆಯದಾಗಿ ಬಂತು. ಬಾಗಿಲುಗಳ ಮೇಲೆ ಅಂಟು ಉಳಿದಲ್ಲೆಲ್ಲ ಧೂಳು ಕೂತಿತ್ತು. ಏಳು ಈ ಕಡೆ, ಏಳು ಆ ಕಡೆ, ಒಂದೇ ಪಕ್ಕಕ್ಕೆ ಎಸಳು ಬಿಚ್ಚಿದ ಹದಿನಾಲ್ಕು ಅಬ್ಬಲಿಗೆ. ಮೊದಲು ಕಂಡದ್ದು ಜಗದೀಶಣ್ಣನಿಗೇ. ಬಟ್ಟೆ ಹಿಡಿದು ಓಡಿದ. ಹೆಲ್ಮೆಟ್ ತೆಗೆಯುತ್ತಿದ್ದ ಸಾಲಿಂ ಅವನ ಕೈ ತಡೆದ.

"ಖಲಾಸ್, ಬಿಡಿ," ಎಂದ. "ಇದು ನಮ್ಮ ಮರಳು. ಇದನ್ನು ತೆಗೆಯಲು ಯಾರೂ ಹೇಳಿಲ್ಲ."

ಸಲಾಲಾದ ಅಧಿಕಾರಿಗೂ ಕಂಡಿತೆಂದು ನನಗೆ ಗೊತ್ತು. ಅವರು ಬಹಳ ಹೊತ್ತು ಬೇರೆ ಕಡೆ ನೋಡಿದರು.

ಜಗದೀಶಣ್ಣ ಈಗ ಗೋದಾಮಿನಲ್ಲಿದ್ದಾನೆ. ವೀಸಾದ ಅರ್ಜಿಯನ್ನು ಕಫೀಲ್ ನನ್ನ ಹೆಸರಿಗೆ ತಿದ್ದಿಸಿದರು, ಕಾರ್ಡಿನಲ್ಲಿ 'ಡಿಸೈನರ್' ಬಂತು. ಅವನ ಭಾವ ವೀಸಾ ನಂಬಿ ಊರಿನ ಕೆಲಸ ಬಿಟ್ಟು ಕೂತಿದ್ದನಂತೆ. ಪಾಪ, ಅವನು ನನಗೇನೂ ಮಾಡಿರಲಿಲ್ಲ. ಅದನ್ನು ಯೋಚಿಸಿದಾಗ ಒಂದು ಗಳಿಗೆ ಇರಿಸುಮುರಿಸಾಗುತ್ತದೆ. ಗೋದಾಮಿನ ಮುಂದೆ ಹಾದುಹೋಗುವಾಗ ಮಾತ್ರ ನನ್ನ ಚಪ್ಪಲಿ ತಾನಾಗಿಯೇ ಸ್ವಲ್ಪ ಜೋರು ಸದ್ದು ಮಾಡುತ್ತದೆ.

ರ್ಯಾಲಿ ಮುಗಿಸಿ ಬಂದ ಕಾರಿನ ಫೋಟೋವನ್ನು ಅಮ್ಮನಿಗೆ ಕಳಿಸಿದ್ದೆ. ಅಮ್ಮ ಹೊಗಳುತ್ತಾಳೆಂದು ಕಾದರೆ, ಫೋನು ಮಾಡಿ, ಅಬ್ಬಲಿಗೆ ಯಾಕೆ ಒಣಗಿದ ಹಾಗೆ ಉಂಟು, ಬಣ್ಣವೇ ಇಲ್ಲವಲ್ಲ ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಒಣಗಿದ್ದಲ್ಲ ಅಮ್ಮ. ನಮ್ಮ ಮರಳಿನ ಬಣ್ಣವೇ ಹಾಗೆ."

"ನಮ್ಮ ಮರಳಾ?" ಎಂದಳು. "ಎಲ್ಲಿಯದು ಮಗಾ?"

ಯಾರಿಗೂ ಉತ್ತರ ಬಾಕಿ ಇಡದವಳು ನಾನು. ಆದರೂ ಒಮಾನಿನದು ಎನ್ನಲು ಹೋಗಿ, ಅಂಗಳದ ಅಬ್ಬಲಿಗೆಗೆ ನೀರು ಹಾಕಿದಿಯಾ ಎಂದು ಅಮ್ಮನನ್ನೇ ಕೇಳಿದೆ.