ಕಣ್ಣು ತೆರೆಸಿದ ವೀನಸ್

ಹೋದ ವಾರ ಈ ಪರದೇಶದ ಬಿಶಾನ್ ಬಡಾವಣೆಯ ನಮ್ಮ ಬ್ಲಾಕಿನಲ್ಲಿ ಯಾರದೋ ಮನೆಯ ಅಡುಗೆಕಟ್ಟೆಗೆ ಕಲ್ಲು ಕೊಯ್ಯುತ್ತಿದ್ದರು. ಲಿಫ್ಟಿನ ಬಾಗಿಲು ತೆರೆದದ್ದೇ ತಡ, ನೀರು ಹಾಕಿ ಕೊಯ್ದ ಕಲ್ಲಿನ ಹಸಿ ವಾಸನೆ ಮೂಗಿಗೆ ಬಡಿಯಿತು. ಉಬಿಯ ಅಂಕಲ್ ಮೈಯಿಂದ ಸದಾ ಬರುತ್ತಿದ್ದ ವಾಸನೆ ಅದು. ನನ್ನ ಮಹಡಿಯ ಬಟನ್ ಒತ್ತುವುದನ್ನೂ ಮರೆತು ನಿಂತೆ...

ಆರೇಳು ವರ್ಷದ ಹಿಂದೆ ನನ್ನ ಆಫೀಸು ಇದೇ ಊರಿನ ಉಬಿ ಎಂಬ ಕೈಗಾರಿಕಾ ಪ್ರದೇಶದಲ್ಲಿತ್ತು. ಕೆಳಗಿನ ಕಾಫಿ ಶಾಪಿನಲ್ಲಿ ಕೂತು ಫೋನಿನಲ್ಲಿ ಯಾರನ್ನೋ ಕನ್ನಡದಲ್ಲಿ ಬೈಯುತ್ತಿದ್ದಾಗ, ಪಕ್ಕದ ಮೇಜಿನಿಂದ "ಮೈಸೂರಿನವರಾ?" ಎಂದು ಕೇಳಿದವರು ಅವರು. ಕಾರ್ಕಳದ ಕಡೆಯವರು, ದೇವರ ಮೂರ್ತಿ ಕೆತ್ತುವ ಮನೆತನ. ಇಲ್ಲಿ ಒಂದು ಕಲ್ಲಿನ ವರ್ಕ್‌ಶಾಪಿನಲ್ಲಿ ಅಡುಗೆಕಟ್ಟೆಯ ಕಲ್ಲಿನಲ್ಲಿ ಸಿಂಕಿಗೆ ತೂತು ಕೊರೆಯುತ್ತಿದ್ದರು. ಇಂಗ್ಲಿಷ್ ಕೇಳಿದರೆ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಕೆಲಸದ ಚೀಟಿಗಳ ಫೋಟೋ ತೆಗೆದು ನನಗೆ ಕಳಿಸುತ್ತಿದ್ದರು, ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಆ ಉಪಕಾರದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಒಮ್ಮೆ ಯಾವುದೋ ಕಾಂಡೋದ, ಅಂದರೆ ಶ್ರೀಮಂತರ ಅಪಾರ್ಟ್ಮೆಂಟಿನ, ಲಾಬಿಯಿಂದ ಅಮೃತಶಿಲೆಯ ಮೂರ್ತಿಯೊಂದು ಅವರ ವರ್ಕ್‌ಶಾಪಿಗೆ ರಿಪೇರಿಗೆ ಬಂತು. ಗ್ರೀಕರು ಅಫ್ರೊಡೈಟಿ ಎಂದೂ ರೋಮನ್ನರು ವೀನಸ್ ಎಂದೂ ಪೂಜಿಸಿದ ಪ್ರೇಮದೇವತೆ. ಪುರಾತನ ಮೂರ್ತಿಯ ಈಗಿನ ಕಾಲದ ನಕಲು. ಎರಡು ಬೆರಳು ಮುರಿದಿದ್ದವು. ಅಂಕಲ್ ಖುಷಿ ನೋಡಬೇಕಿತ್ತು. ಊಟದ ಹೊತ್ತಿನಲ್ಲಿ ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದರು.

"ಈ ಸೊಂಟದ ಬಾಗು ನೋಡಿ. ಕೆತ್ತಿದವ ಸಾಮಾನ್ಯದವನಲ್ಲ ಮಾರಾಯ್ರೆ," ಎಂದರು. ಆಮೇಲೆ ಮುಖ ನೋಡಿ ದನಿ ತಗ್ಗಿಸಿದರು. "ಆದ್ರೆ ಕಣ್ಣು ತೆರೆಸಲೇ ಇಲ್ಲ. ಹಾಗೇ ಬಿಟ್ಟಿದ್ದಾರೆ."

ನಿಜ, ಕಣ್ಣುಗುಡ್ಡೆ ನುಣ್ಣಗಿತ್ತು, ಪಾಪೆ ಇರಲಿಲ್ಲ. ಅವರ ಮನೆತನದಲ್ಲಿ ಕಣ್ಣು ತೆರೆಸುವುದು ಕೊನೆಯ ಕೆಲಸ. ಅದಾಗದೆ ಮೂರ್ತಿ ಕೈಬಿಟ್ಟು ಹೋಗಕೂಡದು.

ಮರುದಿನ ಚೀಟಿಯ ಫೋಟೋ ಬಂತು. ಜೊತೆಗೆ ಅವರ ದನಿ, "ಏನು ಬರ್ದಿದ್ದಾರೆ, ಸ್ವಲ್ಪ ನೋಡಿ ಹೇಳ್ತೀರಾ?" ನಾನು ಎಂಆರ್‌ಟಿ ರೈಲಿನ ನೂಕುನುಗ್ಗಲಿನಲ್ಲಿ ನಿಂತಿದ್ದೆ. ಮೊದಲ ಸಾಲು ಓದಿದೆ, ಅಷ್ಟೇ. "ಬೆರಳು ಸೇರಿಸಿ, ಪೂರ್ತಿ ಫಿನಿಶ್ ಮಾಡಿ ಕೊಡ್ಬೇಕಂತೆ ಅಂಕಲ್" ಎಂದು ವಾಯ್ಸ್ ಮೆಸೇಜ್ ಕಳಿಸಿಬಿಟ್ಟೆ.

ಅಂಕಲ್ ಪೂರ್ತಿ ಮಾಡಿದರು. ಬೆಳಗ್ಗೆ ಸ್ನಾನ ಮಾಡಿ, ಏನೂ ತಿನ್ನದೆ ಹೋಗಿ, ಎರಡೂ ಕಣ್ಣಿಗೆ ಪಾಪೆ ಕೊರೆದರು.

ಮುಖ ಮುಟ್ಟಬಾರದು ಎಂದು ಚೀಟಿಯ ಎರಡನೇ ಸಾಲಿನಲ್ಲಿತ್ತು. ಕಾಂಡೋದವರು ಮೂರ್ತಿಯೇ ಬೇಡವೆಂದರು. ವರ್ಕ್‌ಶಾಪಿನ ಓನರ್ ಎಲ್ಲರೆದುರು ಆ ಚೀಟಿಯನ್ನು ಜೋರಾಗಿ ಓದಿ ಬೈದನಂತೆ. ಕೆಲಸ ಹೋಯಿತು, ಅದರ ಜೊತೆ ಇಲ್ಲಿ ಉಳಿಯಲು ಬೇಕಾದ ವರ್ಕ್ ಪಾಸೂ ಹೋಯಿತು. ನನ್ನ ಹೆಸರನ್ನು ಅವರು ಎಲ್ಲೂ ಎತ್ತಲಿಲ್ಲ. ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ, "ಬೇರೆಯವರ ದೇವರನ್ನ ನಮ್ಮ ದೇವರು ಅಂದ್ಕೊಂಡ್ಬಿಟ್ಟೆ. ತಪ್ಪು ನಂದೇ," ಎಂದು ನನ್ನ ಮುಖವನ್ನೇ ನೋಡಿದರು. ನಾನು ಅವರ ಬ್ಯಾಗನ್ನು ಟ್ರಾಲಿಗೆ ಎತ್ತಿಡುವ ನೆಪದಲ್ಲಿ ತಿರುಗಿಕೊಂಡೆ. ಅಷ್ಟರಲ್ಲಿ ಆ ಎರಡನೇ ಸಾಲನ್ನು ನಾನೂ ಓದಿಯಾಗಿತ್ತು. ಹೇಡಿ ನಾನು. ಆಮೇಲೆ ಹಬ್ಬ ಹಬ್ಬಕ್ಕೂ ಅವರಿಂದ ಮೆಸೇಜ್ ಬರುತ್ತಿತ್ತು; ಕೈಮುಗಿಯುವ ಚಿತ್ರವೊಂದನ್ನು ಹಾಕಿ ಸುಮ್ಮನಾಗುತ್ತಿದ್ದೆ... ಹೋದ ವರ್ಷ ಅದೇ ನಂಬರಿನಿಂದ ಅವರು ತೀರಿಕೊಂಡ ಸುದ್ದಿ ಬಂತು. ಅದಕ್ಕೂ ಅದೇ ಚಿತ್ರ ಹಾಕಿದೆ.

ಈ ಭಾನುವಾರ ಮನಸ್ಸು ತಡೆಯದೆ ಮ್ಯೂಸಿಯಮಿಗೆ ಹೋದೆ. ಗ್ರೀಕ್, ರೋಮನ್ ಮೂರ್ತಿಗಳು ಹೊರದೇಶದಿಂದ ಪ್ರದರ್ಶನಕ್ಕೆ ಬಂದಿದ್ದವು. ಅದೇ ದೇವತೆಯ ಹಳೆಯ ತಲೆಯೊಂದರ ಪಕ್ಕದಲ್ಲಿ ಬರೆದಿದ್ದರು: ಆ ಕಾಲದಲ್ಲಿ ಇಂಥ ಮೂರ್ತಿಗಳಿಗೆ ಬಣ್ಣದಲ್ಲಿ ಕಣ್ಣು ಬರೆಯುತ್ತಿದ್ದರು, ಬಣ್ಣ ಅಳಿಸಿಹೋಗಿ ಈಗ ಬರೀ ಕಲ್ಲು ಉಳಿದಿದೆ. ಅಂದರೆ ಅವಳನ್ನು ಮೊದಲು ಕೆತ್ತಿದವರೂ ಹಾಗೇ ಬಿಟ್ಟಿರಲಿಲ್ಲ. ಇದನ್ನು ಕೇಳಿ ಹೆಮ್ಮೆಯಿಂದ ನೆಟ್ಟಗೆ ಕೂರಬೇಕಾಗಿದ್ದ ಮನುಷ್ಯ ಈಗ ಇಲ್ಲ.

ಹೊರಗೆ ಬಂದು ಕಾರ್ಕಳದ ಆ ನಂಬರಿಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ಓದಿದ್ದನ್ನೆಲ್ಲ ಹೇಳಿದೆ. "ಆಂಟಿ, ಅವತ್ತು ಚೀಟಿನ ಅರ್ಧ ಓದಿ ಹೇಳಿದ್ದು ನಾನು," ಎಂದೂ ಹೇಳಿದೆ.

"ಅದು ಅವ್ರಿಗೆ ಗೊತ್ತಿತ್ತು," ಎಂದರು. "ಊರಿಗೆ ಬಂದ ದಿನವೇ ನಂಗೆ ಹೇಳಿದ್ರು. ನೀವಾಗಿ ಒಂದು ಮಾತು ಹೇಳ್ತೀರಿ ಅಂತ ಕೊನೆ ತನಕ ಕಾದ್ರು."