ಲೋಟದಲ್ಲಿ ತೇಲಿದರೆ ಮಾತ್ರ ಲಾರಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನರಸಿಂಹರಾಜಪುರದ ಹೊರಗಿನ ತಗಡಿನ ಶೆಡ್ಡಿನಲ್ಲಿ ಬಸವಮ್ಮ ಸ್ಟೀಲ್ ಲೋಟದ ನೀರಿಗೆ ಚಿಟಿಕೆ ಬಿಳಿ ಪುಡಿ ಉದುರಿಸಿ, ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಪುಡಿ ಮುಳುಗುವುದಿಲ್ಲ, ಹಾಲಿನ ಕೆನೆಯಂತೆ ಮೇಲೆಯೇ ನಿಲ್ಲುತ್ತದೆ. "ತೇಲ್ತು" ಎನ್ನುತ್ತಾರೆ, ಕೇಳುವವರು ಯಾರೂ ಇಲ್ಲದಿದ್ದರೂ.

ಕರೆಂಟ್ ವೈರಿನ ಪ್ಲಾಸ್ಟಿಕ್ ಹೊದಿಕೆಗೆ ಬೆರೆಸುವ ಪುಡಿ ಇದು. ಬೆಂಕಿ ತಗುಲಿದರೆ ತನ್ನೊಡಲ ನೀರನ್ನೇ ಬಿಟ್ಟು ಉರಿ ತಗ್ಗಿಸುತ್ತದೆ. ಆದರೆ ಬರಿಯ ಪುಡಿ ಪ್ಲಾಸ್ಟಿಕ್ಕಿಗೆ ಹೊಂದುವುದಿಲ್ಲ. ಗಂಟುಕಟ್ಟುತ್ತದೆ, ವೈರು ಬಿರಿಯುತ್ತದೆ. ಅದಕ್ಕೇ ಬಿಸಿ ಮಿಕ್ಸರಿನಲ್ಲಿ ತಿರುಗಿಸಿ, ಮೇಣದಂಥ ಚಕ್ಕೆ ಹಾಕಿ, ಕಣಕಣಕ್ಕೂ ಜಿಡ್ಡಿನ ಅಂಗಿ ತೊಡಿಸಬೇಕು. ಅಂಗಿ ಸರಿಯಾಗಿ ಕೂತರೆ ಪುಡಿ ನೀರಲ್ಲಿ ತೇಲುತ್ತದೆ, ಇಲ್ಲದಿದ್ದರೆ ಮುಳುಗುತ್ತದೆ. ಗಂಡ ತೀರಿಕೊಂಡ ಮೇಲೆ ಬಾಳೆಹೊನ್ನೂರು ಕಡೆಯಿಂದ ಬಂದ ಬಸವಮ್ಮನಿಗೆ ಇದೇ ಅನ್ನದ ದಾರಿ. ಸಂಜೆಯ ಹೊತ್ತಿಗೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ, ಒಣಕೆಮ್ಮು ಬೇರೆ. "ಮುಖಕ್ಕೆ ಬಟ್ಟೆ ಕಟ್ಕಂಡ್ರೂ ಬಿಡಲ್ಲ ಮಾರಾಯ್ರೆ, ಕರೀದೆ ಬಂದ ನೆಂಟ್ರ ಹಾಗೆ ಒಳಗೇ ಬಂದು ಕೂರ್ತದೆ."

ಶೆಡ್ಡಿಗೊಂದು ಕಟ್ಟಳೆ ಇದೆ. ಪುಡಿ ಕಲಸಿದವರೇ ಲೋಟದಲ್ಲಿ ತೇಲಿಸಿ ನೋಡಿ, ಚೀಲದ ಬಾಯಿ ಹೊಲಿಯಬೇಕು. ಕಳೆದ ವರ್ಷ, 2006ರ ಆಷಾಢದಲ್ಲಿ, ಚೀಲಗಳೇ ಬೆವರುವಷ್ಟು ಥಂಡಿ. ಬಾಗಿಲಲ್ಲಿ ಲಾರಿ ಹಾರ್ನ್ ಹಾಕುತ್ತಿತ್ತು. ಪುಡಿಯ ಪಸೆ ಆರುವ ಮೊದಲೇ ಬಸವಮ್ಮ ಚಕ್ಕೆ ಸುರಿದುಬಿಟ್ಟರು. ಲೋಟಕ್ಕೆ ಹಾಕಿದ ಪುಡಿ ತಳ ಸೇರಿತು.

"ಯಾರಿಗೆ ಗೊತ್ತಾಗ್ತದೆ ಬಸವಮ್ಮ, ಹೊಲೀರಿ" ಎಂದರು ಮಾಲೀಕ ಶಶಿಕಿರಣ್. ಬಸವಮ್ಮ ದಬ್ಬಣ ಕೆಳಗಿಟ್ಟರು. ಲಾರಿ ಖಾಲಿ ಹೋಯಿತು. ಇದ್ದೊಬ್ಬ ದೊಡ್ಡ ಗಿರಾಕಿಯೂ ಕೈಬಿಟ್ಟ. ಜೊತೆಗೆ ದುಡಿಯುತ್ತಿದ್ದ ಕಮಲಳ ಕೆಲಸ ಹೋಯಿತು. ಸಂತೆಯಲ್ಲಿ ಎದುರಾದರೂ ಕಮಲ ಈಗ ಮುಖ ತಿರುಗಿಸುತ್ತಾಳೆ. ಮಾಡಿದ್ದುಣ್ಣೋ ಮಹಾರಾಯ ಎಂದು ಗಾದೆ ಹೇಳುವುದು ಸುಲಭ. ಇಲ್ಲಿ ಒಬ್ಬಳು ಮಾಡಿದ್ದನ್ನು ಇನ್ನೊಬ್ಬಳು ಉಣ್ಣುತ್ತಿದ್ದಾಳೆ.

"ಅವಳ ಸಿಟ್ಟು ಸುಳ್ಳಲ್ಲ. ಅವಸರ ಮಾಡಿದ್ದು ನಾನು, ಮನೇಲಿ ಕೂತದ್ದು ಅವಳು" ಎನ್ನುವಾಗ ಬಸವಮ್ಮನ ಕಣ್ಣು ತುಂಬುತ್ತದೆ. "ಆದ್ರೆ ಎಂತ ಮಾಡೋದು? ಆ ವೈರು ಯಾರ ಮನೆ ಗೋಡೆಗೆ ಹೋಗ್ತದೋ. ಮಕ್ಕಳು ಮಲಗಿರ್ತಾವೆ."

ಉಳಿದ ಪುಡಿಗೆ ಹೇಗೋ ಒಬ್ಬ ಸಣ್ಣ ವ್ಯಾಪಾರಿ ಸಿಕ್ಕಿದ್ದಾನೆ. ಅದು ಮುಗಿದ ದಿನ ಶೆಡ್ಡಿಗೆ ಬೀಗ. ಅದಕ್ಕೆ ಮೊದಲು ಬಸವಮ್ಮನಿಗೆ ಆಸೆಯೊಂದಿದೆ.

"ಕಮಲ ಒಂದ್ಸಲ ಬರ್ಲಿ. ಕೊನೇ ಚೀಲ ಅವಳೇ ಕಲಸ್ಲಿ, ಅವಳೇ ಹೊಲೀಲಿ. ನಾನು ಲೋಟದಲ್ಲಿ ನೀರು ಹಿಡ್ಕಂಡು ನಿಂತಿರ್ತೀನಿ."