ಜಾಲಿ ಹಲಗೆಯ ಮೇಜು

ಮನುಷ್ಯನ ಘನತೆ ಅವನು ಕೂತು ಬರೆಯುವ ಮೇಜಿನಿಂದ ಗೊತ್ತಾಗುತ್ತದೆ. ನಾನು ಅಲ್ಲಿಯವರೆಗೆ ಬರೆದದ್ದೆಲ್ಲ ಹಾಸಿಗೆಯ ಮೇಲೆ ಕೂತು.

ಬ್ಯಾಂಕಿನವರು ನನ್ನನ್ನು ನಾಸಿಕಕ್ಕೆ ವರ್ಗ ಮಾಡಿದಾಗ, ಈ ಕೊರತೆ ನೀಗಲೆಂದು ಅಲ್ಲೇ ನೆಲೆಸಿದ್ದ ಬಾಗಲಕೋಟೆ ಕಡೆಯ ಬಡಿಗೇರೊಬ್ಬರನ್ನು ಹುಡುಕಿದೆ. ಅವರು ಮರವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಅಂಗೈಯಿಂದ ಬಡಿದು, ಕಿವಿಗೊಟ್ಟು, "ಏನಂತದ ಕೇಳ್ರಿ" ಎನ್ನುತ್ತಿದ್ದರು. ನನಗೆ ಎಲ್ಲ ಹಲಗೆಗಳೂ ಒಂದೇ ಮಾತು ಹೇಳಿದವು.

ನನ್ನ ಮನಸ್ಸು ಹೊಳೆಯುವ ತೆಳು ಸಾಗವಾನಿಯ ಮೇಲಿತ್ತು. ಅವರು ಮೂಲೆಯಿಂದ ದಪ್ಪನೆಯ ಜಾಲಿ ಹಲಗೆಯೊಂದನ್ನು ಎಳೆದು ತಂದರು.

"ಬೇಲಿಗೆ ಹಚ್ಚೋ ಜಾಲಿ ಮ್ಯಾಲೆ ನಾ ಬರೀಬೇಕೇನ್ರಿ?" ಎಂದೆ.

"ನಿಮ್ಮ ಕಿವಿ ನಂಬಂಗಿಲ್ರಿ ಸಾಹೇಬ್ರ. ಅಕ್ಕಾರ, ನೀವು ಎರಡರ ಮ್ಯಾಲೂ ಒಂದೊಂದು ರೊಟ್ಟಿ ಬಡೀರಿ" ಎಂದು ಜೊತೆಗೆ ಬಂದಿದ್ದ ನನ್ನ ಹೆಂಡತಿಗೆ ಹೇಳಿ, ಅಂಗಡಿಯ ಹಿಂದಿದ್ದ ತಮ್ಮ ಮನೆಯಿಂದ ನಾದಿದ ಜೋಳದ ಹಿಟ್ಟು ತರಿಸಿದರು.

ಸಾಗವಾನಿಯ ಮೇಲೆ ಬಡಿದಾಗ ಪಕ್ಕದಲ್ಲಿಟ್ಟಿದ್ದ ಹಿಟ್ಟಿನ ತಟ್ಟೆ ಕುಣಿಯಿತು. ಜಾಲಿ ಅಲುಗಲಿಲ್ಲ, ರೊಟ್ಟಿ ಗರಗರ ತಿರುಗುತ್ತ ಅಗಲವಾಯಿತು.

"ಈ ಊರಿಗೆ ಬಂದಾಗಿಂದ ಇಂಥಾ ರೊಟ್ಟಿ ಬಂದಿದ್ದಿಲ್ಲ ನೋಡ್ರಿ" ಎಂದಳು ಅವಳು.

"ಏನಂತದ ಕೇಳಿದ್ರಿಲ್ಲ?" ಎಂದು ನನ್ನತ್ತ ನಕ್ಕ ಬಡಿಗೇರು ಅಳತೆಪಟ್ಟಿ ಬಿಚ್ಚಿದರು. "ಎತ್ತರ ಯಾರ ಅಳತಿಗೆ ಇಡ್ಲಿರಿ? ಕೂತು ಬರಿಯೋರಿಗೋ, ನಿಂತು ಬಡಿಯೋರಿಗೋ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನೆಟ್ಟಗೆ ನಿಂತು ಅಳತೆ ಕೊಡುತ್ತಿದ್ದಳು.

ಮುಂದೆ ಆ ಮೇಜು ನಮ್ಮೊಂದಿಗೆ ಔರಂಗಾಬಾದಿಗೂ ಬಂತು. ಎರಡೂ ಊರುಗಳಲ್ಲಿ ಅದು ಅಡುಗೆಮನೆಯಲ್ಲಿತ್ತು. ನಾನು ಹಾಸಿಗೆಯ ಮೇಲೆ ಕೂತು ಬರೆದೆ.